ಮಾವಿನ ಮೈಗೆ ಮಸಿ ಬಳಿದವರು ಯಾರು?

ಕೊಬ್ಬರಿಯ ಬಣ್ಣ ನೋಡಿ ಬೆಲೆ ಕಟ್ಟುವ ಊರು ತಿಪಟೂರು. ಉಂಡೆಯ ಮೇಲೆ ಒಂದು ಕಲೆ ಕಂಡರೆ ಸಾಕು, ಎತ್ತಿ ಬೇರೆ ರಾಶಿಗೆ ಹಾಕುವ ಕಣ್ಣು ಇಲ್ಲಿನ ವರ್ತಕರಿಗೂ ಉಂಟು, ರೈತರಿಗೂ ಉಂಟು. ಆದರೆ ಅದೇ ರೈತನ ತೆಂಗಿನ ತೋಟದ ಬದುವಿನಲ್ಲಿ ಬೆಳೆದ ಮಾವಿನ ಹಣ್ಣು ಮೈತುಂಬ ಮಸಿ ಬಳಿದುಕೊಂಡು ತಳ್ಳುಗಾಡಿ ಏರಿದರೆ ಯಾಕೆ ಹೀಗಾಯಿತು ಎಂದು ಕೇಳುವವರಿಲ್ಲ. ಕೊಬ್ಬರಿಗೆ ಇರುವ ಮರ್ಯಾದೆ ಮಾವಿಗೆ ಇಲ್ಲವೆ?

ಮಾವಿನ ಕಾಲ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡುಗಳ ಸುತ್ತಮುತ್ತ, ಕೆ.ಬಿ. ಕ್ರಾಸ್‌ನಲ್ಲಿ, ಹುಳಿಯಾರಿನಲ್ಲಿ ಕಾಣುವ ನೋಟ ಒಂದೇ. ಬುಟ್ಟಿಯ ಮೇಲ್ಪದರದಲ್ಲಿ ಹೊಳೆಯುವ ಬಾದಾಮಿ, ರಸಪುರಿ. ಕೈ ಒಳಕ್ಕೆ ಹಾಕಿದರೆ ತೊಟ್ಟಿನಿಂದ ತುದಿಯವರೆಗೆ ಕಂದು ಗೆರೆ ಎಳೆದ, ಮೈಮೇಲೆಲ್ಲ ಸಾಸಿವೆ ಎರಚಿದಂತೆ ಚುಕ್ಕೆ ಬಿದ್ದ ಹಣ್ಣು. "ಇದೇನಣ್ಣ, ಸುಟ್ಟಂಗೈತೆ?" ಎಂದು ಗಿರಾಕಿ. "ಹೊರಗಷ್ಟೇ ಅಕ್ಕ, ಒಳಗೆ ಸಕ್ಕರೆ" ಎಂದು ಅಂಗಡಿಯವ. ಇಬ್ಬರ ಮಾತೂ ನಿಜವೇ. ಹಣ್ಣು ನಿಜಕ್ಕೂ ಸುಟ್ಟಿದೆ, ಒಳಗೆ ಬಹುಪಾಲು ಚೆನ್ನಾಗಿಯೇ ಇದೆ. ಆದರೆ ಬೆಲೆ ಮಾತ್ರ ಅಲ್ಲೇ ಬಿತ್ತು.

ಲೆಕ್ಕ ಹಾಕಿ ನೋಡಿ. 20 ಕೆ.ಜಿ. ಹಿಡಿಯುವ ಒಂದು ಕ್ರೇಟ್. ಕೆ.ಜಿ.ಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಐದರಲ್ಲೊಂದು ಪಾಲು, ಅಂದರೆ 4 ಕೆ.ಜಿ., ಕಲೆ ಬಿದ್ದು ಅರ್ಧ ಬೆಲೆಗೆ ಹೋಯಿತೆನ್ನಿ. ಕ್ರೇಟಿಗೆ 160 ರೂಪಾಯಿ ಖೋತಾ. ದಿನಕ್ಕೆ ಹತ್ತು ಕ್ರೇಟ್ ಮಾರುವವನಿಗೆ 1,600. ಇದು ಬರೀ ಕಾಗದದ ಲೆಕ್ಕ. ಆದರೆ ಮಾರುವವರು ಯಾರೇ ಆಗಲಿ, ತಮ್ಮ ತಮ್ಮ ಅಂಕಿ ಹಾಕಿಕೊಂಡು ನೋಡಿದರೆ ಎದೆ ಝಲ್ ಎನ್ನುವುದು ಖಂಡಿತ. ಈ ನಷ್ಟ ಕೊನೆಗೆ ಯಾರ ತಲೆಗೆ? ಅಂಗಡಿಯವ ಮಂಡಿಯವನ ಮೇಲೆ ಹಾಕುತ್ತಾನೆ, ಮಂಡಿಯವನು ರೈತನ ಮೇಲೆ ಹಾಕುತ್ತಾನೆ, ರೈತ ಹಣೆಬರಹದ ಮೇಲೆ ಹಾಕುತ್ತಾನೆ. ಹಣೆಬರಹದ್ದು ಇದರಲ್ಲಿ ಏನೂ ತಪ್ಪಿಲ್ಲ. ತಪ್ಪು ತೊಟ್ಟಿನದು.

ರೋಗವಲ್ಲ, ಸುಟ್ಟ ಗಾಯ

ಮಾವಿನ ಕಾಯಿ ಕಿತ್ತ ಕೂಡಲೇ ತೊಟ್ಟಿನ ಬಳಿ ಚಿಮ್ಮುವ ಸೊನೆ ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಕಲ್ಲು ಹೊಡೆದು ಕಾಯಿ ಕೆಡವಿ, ತುಟಿಯ ಪಕ್ಕ ಸೊನೆ ತಾಗಿಸಿಕೊಂಡು, ಎರಡು ದಿನ ಉರಿ ಅನುಭವಿಸದ ಹುಡುಗರು ಈ ಸೀಮೆಯಲ್ಲಿ ಇದ್ದಾರೆಯೆ? ಮಾವು ಗೇರಿನ ಕುಲಕ್ಕೆ ಸೇರಿದ ಮರ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದಲ್ಲ, ಅದರ ದಾಯಾದಿಯೇ ಈ ಸೊನೆ. ಮನುಷ್ಯನ ಚರ್ಮವನ್ನು ಸುಡುವ ಸೊನೆ ತನ್ನದೇ ಹಣ್ಣಿನ ಸಿಪ್ಪೆಯನ್ನೂ ಬಿಡುವುದಿಲ್ಲ. ಕಂಡವರಿಗೆ ಕಜ್ಜಿಯೋ ರೋಗವೋ ಎನಿಸುವ ಕಂದು ಗೆರೆ ವಾಸ್ತವವಾಗಿ ಸೊನೆ ಹರಿದ ದಾರಿ.

ಸೊನೆಯನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಇಟ್ಟರೆ ಅದು ಎರಡು ಪದರವಾಗಿ ನಿಲ್ಲುತ್ತದೆ. ಮೇಲೆ ಎಣ್ಣೆಯಂಥದು, ಕೆಳಗೆ ನೀರಿನಂಥದು. ಸುಡುವ ಕಸುಬು ಮೇಲಿನ ಎಣ್ಣೆಯದು. ಅದರಲ್ಲಿ ಟರ್ಪೀನ್ ಎಂಬ ಜಾತಿಯ ವಸ್ತುಗಳಿವೆ; ಕಾಯಿಮಾವಿನ ಘಮಲು ಬರುವುದೂ ಇವುಗಳಿಂದಲೇ. 1992ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತಮ್ಮ ದೇಶದ ಕೆನ್ಸಿಂಗ್‌ಟನ್ ಎಂಬ ಮಾವಿನ ಸೊನೆಯನ್ನು ಪರೀಕ್ಷಿಸಿ, ಸಿಪ್ಪೆ ಸುಡಲು ಈ ಎಣ್ಣೆಯ ಅಂಶವೇ ಕಾರಣವೆಂದು ತೋರಿಸಿಕೊಟ್ಟರು. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ಎಲ್ಲರೂ ಸಿ.ಎಫ್.ಟಿ.ಆರ್.ಐ. ಎನ್ನುವ ಸಂಸ್ಥೆಯವರು ಭಾರತದ ಹಲವು ತಳಿಗಳ ಸೊನೆಯನ್ನು ಪರೀಕ್ಷಿಸಿ 1999ರಲ್ಲಿ ಅದರ ವಾಸನೆಯ ಅಂಶಗಳ ವಿವರ ಪ್ರಕಟಿಸಿದರು. ತಳಿಯಿಂದ ತಳಿಗೆ ಸೊನೆಯ ಗುಣ ಬೇರೆ. ಅದಕ್ಕೇ ಒಂದೇ ಕೈ ಕಿತ್ತರೂ ಒಂದು ಮರದ ಹಣ್ಣು ಹೆಚ್ಚು ಕಲೆಯಾಗುತ್ತದೆ, ಇನ್ನೊಂದರದು ಕಡಿಮೆ.

ಬದನೆಕಾಯಿ ಹೇಳುವ ವಿಜ್ಞಾನ

ಎಣ್ಣೆ ತಾಗಿದರೆ ಸಿಪ್ಪೆ ಕಂದಾಗುವುದು ಯಾಕೆ? ಇದಕ್ಕೆ ಉತ್ತರ ಅಡಿಗೆ ಮನೆಯಲ್ಲಿದೆ. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ. ಬಾಳೆಕಾಯಿಯೂ ಅಷ್ಟೇ. ಅದಕ್ಕೇ ಹೆಂಗಸರು ಹೆಚ್ಚಿದ ಹೋಳನ್ನು ನೀರಿಗೆ ಹಾಕುತ್ತಾರೆ. ಹೋಳಿನೊಳಗೆ ಫೀನಾಲ್ ಜಾತಿಯ ಒಗರು ಪದಾರ್ಥ ಒಂದು ಕೋಣೆಯಲ್ಲಿ, ಅದನ್ನು ಕಪ್ಪು ಮಾಡುವ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ನಡುವಿನ ಗೋಡೆ ಗಟ್ಟಿಯಾಗಿರುವ ತನಕ ಇಬ್ಬರೂ ತಮ್ಮ ಪಾಡಿಗೆ ತಾವು. ಚಾಕು ತಾಗಿ ಗೋಡೆ ಒಡೆಯಿತೋ, ಇಬ್ಬರೂ ಸೇರುತ್ತಾರೆ, ಜತೆಗೆ ಗಾಳಿಯೂ ಸೇರುತ್ತದೆ, ಕಪ್ಪು ಹುಟ್ಟುತ್ತದೆ.

ಮಾವಿನ ಸಿಪ್ಪೆಯಲ್ಲಿ ಚಾಕುವಿನ ಕೆಲಸ ಮಾಡುವುದು ಸೊನೆಯ ಎಣ್ಣೆ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣುವಂಥ ಸಣ್ಣ ಸಣ್ಣ ಚುಕ್ಕೆಗಳಿವೆಯಲ್ಲ, ಅವು ಹಣ್ಣು ಉಸಿರಾಡುವ ಕಂಡಿಗಳು. ಎಣ್ಣೆ ಆ ಕಂಡಿಗಳಲ್ಲಿ ಒಳಗಿಳಿದು ಗೋಡೆಗಳನ್ನು ಕರಗಿಸುತ್ತದೆ. ಆಮೇಲೆ ನಡೆಯುವುದು ಬದನೆಕಾಯಿಯ ಕಥೆಯೇ. ಸೊನೆ ಹರಿದ ಕಡೆ ಗೆರೆ, ಎರಚಿದ ಕಡೆ ಚುಕ್ಕೆ.

ಇದರಲ್ಲಿ ಒಂದು ಮೋಸವಿದೆ. ಕಿತ್ತ ಗಳಿಗೆಯಲ್ಲಿ ಏನೂ ಕಾಣಿಸದು. ಕಾಯಿ ಹಸಿರಾಗಿ, ಸೊನೆ ಒರೆಸಿದಂತೆ ಚೊಕ್ಕವಾಗಿಯೇ ಇರುತ್ತದೆ. ಕಂದು ಬಣ್ಣ ಮೇಲೇಳುವುದು ಒಂದೆರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಕಿತ್ತವನು ಕೂಲಿ ಪಡೆದು ಹೋಗಿರುತ್ತಾನೆ, ತೋಟದವನು ದುಡ್ಡು ಎಣಿಸಿಕೊಂಡಿರುತ್ತಾನೆ, ಹಣ್ಣು ಅಂಗಡಿಯಲ್ಲಿ ಕುಳಿತಿರುತ್ತದೆ. ತೋಟದಲ್ಲಿ ಆದ ತಪ್ಪಿಗೆ ಅಂಗಡಿಯಲ್ಲಿ ದಂಡ. ಮಾಡಿದವನಿಗೆ ತನ್ನ ತಪ್ಪು ಕಾಣಿಸುವುದೇ ಇಲ್ಲವಾದ್ದರಿಂದ ವರ್ಷ ವರ್ಷವೂ ಅದೇ ಪಾಠ, ಅದೇ ಫೇಲು.

ತೆಂಗಿನ ಕೈಗೆ ಮಾವು ಸಿಕ್ಕಾಗ

ಈ ಮೂರು ತಾಲ್ಲೂಕಿನ ಕೈ ತೆಂಗಿಗೆ ಪಳಗಿದ ಕೈ. ತೆಂಗಿನಕಾಯಿ ನಲವತ್ತು ಅಡಿ ಮೇಲಿಂದ ದೊಪ್ಪನೆ ಬೀಳುತ್ತದೆ, ಮಟ್ಟೆಯ ಅಂಗಿ ತೊಟ್ಟಿರುವುದರಿಂದ ಏನೂ ಆಗುವುದಿಲ್ಲ. ಗಾಡಿಗೆ ಎಸೆದರೂ ಸೈ, ಟ್ರ್ಯಾಕ್ಟರಿನಿಂದ ಸುರಿದರೂ ಸೈ. ಆಮೇಲೆ ಅಟ್ಟ ಏರಿ ಹತ್ತು ಹನ್ನೆರಡು ತಿಂಗಳು ಕೂರುತ್ತದೆ. ಒಳಗಿನ ನೀರು ಆರಿ, ಗಿಟುಕು ಚಿಪ್ಪು ಬಿಟ್ಟು ಗಳಗಳ ಎನ್ನುವ ತನಕ ಯಾರಿಗೂ ಅವಸರವಿಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಹೆಸರಾದದ್ದೇ ಈ ತಾಳ್ಮೆಯಿಂದ.

ಅದೇ ಕೈ ಮಾವಿನ ಮರಕ್ಕೆ ಬಂದಾಗ ಮಾತ್ರ ಎಲ್ಲವೂ ತಿರುವುಮುರುವು. ಕೊಂಬೆ ಅಲ್ಲಾಡಿಸಿ ಉದುರಿಸುವುದು, ದೋಟಿಯಲ್ಲಿ ಎಳೆದು ತೊಟ್ಟು ಕಿತ್ತು ಬೀಳಿಸುವುದು, ಮಣ್ಣಿನ ಮೇಲೆ ರಾಶಿ ಹಾಕುವುದು, ಗೋಣಿ ಚೀಲಕ್ಕೆ ತುಂಬಿ ಮೇಲೆ ಕುಳಿತು ಬಾಯಿ ಹೊಲಿಯುವುದು. ಮಾವಿಗೆ ಮಟ್ಟೆಯಿಲ್ಲ ಸ್ವಾಮಿ! ಅದರ ಅಂಗಿ ಕಾಗದದಷ್ಟು ತೆಳು. ಒಂದು ಕಾಯಿಯ ಸೊನೆ ರಾಶಿಯಲ್ಲಿ ಕೆಳಗಿರುವ ಹತ್ತು ಕಾಯಿಗೆ ತಾಗುತ್ತದೆ. ಸೊನೆಯ ಅಂಟಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಮಣ್ಣಿನ ಮರಳು ಲಾರಿಯ ಕುಲುಕಾಟದಲ್ಲಿ ಉಪ್ಪುಕಾಗದದಂತೆ ಸಿಪ್ಪೆ ಉಜ್ಜುತ್ತದೆ. ಗೀರು ಬಿದ್ದಲ್ಲೆಲ್ಲ ಮತ್ತೆ ಅದೇ ಕಿಣ್ವ, ಅದೇ ಕಂದು.

ಚೇಣಿ ಪದ್ಧತಿಯೂ ಇದಕ್ಕೆ ತನ್ನ ಪಾಲು ಸೇರಿಸಿದೆ. ನಾಲ್ಕಾರು ಮರ ಇಟ್ಟುಕೊಂಡವರು ಹೂವಿನಲ್ಲೋ ಹೀಚಿನಲ್ಲೋ ಫಸಲನ್ನು ಚೇಣಿದಾರನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಚೇಣಿದಾರನಿಗೆ ಮರ ಬೇಗ ಖಾಲಿಯಾಗಬೇಕು. ಮಳೆ ಬಂದೀತು, ಗಾಳಿ ಬಂದೀತು, ಕಳ್ಳರು ಬಂದಾರು. ಕೀಳುವ ಆಳಿಗೆ ಕೂಲಿ ಎಷ್ಟು ಕಿತ್ತ ಎಂಬುದರ ಮೇಲೆ, ಹೇಗೆ ಕಿತ್ತ ಎಂಬುದರ ಮೇಲಲ್ಲ. ಹೀಗಿರುವಾಗ ತೊಟ್ಟಿನ ಗೊಡವೆ ಯಾರಿಗೆ ಬೇಕು?

ಮಳೆಯೂ ಹೊತ್ತು ನೋಡಿಯೇ ಬರುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಬೀಳುವ ಹೊತ್ತಿಗೇ ನಮ್ಮಲ್ಲಿ ಕಾಯಿ ಬಲಿಯುವುದು. ಮಳೆ ಬಿದ್ದ ಮರುದಿನ ಕಾಯಿ ನೀರು ಕುಡಿದು ಬಿಗಿದಿರುತ್ತದೆ, ಆಗ ಕಿತ್ತರೆ ಉಸಿರುಕಂಡಿಗಳ ಸುತ್ತ ಚುಕ್ಕೆ ಏಳುವುದು ಹೆಚ್ಚು. ಬೆಳಗಿನ ಜಾವದಲ್ಲೂ ಕಾಯಿ ಬಿಗಿಯಾಗಿರುವುದರಿಂದ ಸೊನೆ ಜೋರಾಗಿ ಚಿಮ್ಮುತ್ತದೆ. ಒದ್ದೆ ಕಾಯಿಗೆ ಕೈ ಹಾಕದೆ ಮೈ ಆರುವ ತನಕ ಕಾಯುವುದೇ ಲೇಸು.

ತೊಟ್ಟು ಉಳಿದರೆ ದುಡ್ಡು ಉಳಿದೀತು

ಹಾಗಾದರೆ ಮದ್ದೇನು? ಸಾವಿರಾರು ರೂಪಾಯಿಯ ಯಂತ್ರವಲ್ಲ. ಎರಡು ಬೆರಳಗಲದ ತೊಟ್ಟು.

ಕಾಯಿಯೊಳಗಿನ ಸೊನೆಯ ನಾಳಗಳೂ ಕೊಂಬೆಯ ನಾಳಗಳೂ ಬೇರೆ ಬೇರೆ. ಕಾಯಿ ಕಳಚಿಕೊಳ್ಳುವ ಗಂಟು ತೊಟ್ಟಿನ ಬುಡದಲ್ಲಿದೆ. ಆ ಗಂಟಿನಲ್ಲೇ ಮುರಿದರೆ ಕಾಯಿಯ ನಾಳ ಬಾಯಿ ತೆರೆದು, ಒಳಗೆ ಒತ್ತಡದಲ್ಲಿದ್ದ ಸೊನೆ ಪಿಚಕಾರಿಯಂತೆ ಹಾರುತ್ತದೆ. ಹೆಚ್ಚು ಸೊನೆ ಹೊರಬರುವುದೂ, ಹೆಚ್ಚು ಸುಡುವ ಸೊನೆ ಬರುವುದೂ ಮೊದಲ ಗಳಿಗೆಯಲ್ಲೇ. ಆಮೇಲೆ ತೊಟ್ಟಿಕ್ಕುವುದು ಅಷ್ಟು ಖಾರವಲ್ಲ. ಅದೇ ಗಂಟಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಕತ್ತರಿಸಿದರೆ ಬರುವ ಸೊನೆ ಬಲು ಕಡಿಮೆ. ಇಷ್ಟೇ ಗುಟ್ಟು.

ಕೈಗೆ ಎಟಕುವ ಕಾಯಿಗೆ ಕತ್ತರಿ ಸಾಕು. ಎತ್ತರದ ಮರಕ್ಕೆ ದೋಟಿಯ ತುದಿಗೆ ಅಲಗು, ಅದರ ಕೆಳಗೆ ಬಲೆಯ ಚೀಲ. ಅಲಗು ತೊಟ್ಟು ಕತ್ತರಿಸುತ್ತದೆ, ಕಾಯಿ ಬಲೆಗೆ ಬೀಳುತ್ತದೆ, ನೆಲ ಮುಟ್ಟುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ, ಕೊಂಕಣದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದವರೂ ಇಂಥ ದೋಟಿಗಳನ್ನು ರೂಪಿಸಿದ್ದಾರೆ. ನೋಡಿಕೊಂಡರೆ ಊರಿನ ಕಮ್ಮಾರನೂ ಮಾಡಿಕೊಟ್ಟಾನು.

ಇದೇನು ಹೊಸ ಮಾತಲ್ಲ. ಮಲೆನಾಡಿನವರು ಉಪ್ಪಿನಕಾಯಿಗೆ ಅಪ್ಪೆಮಿಡಿ ಕೀಳುವುದನ್ನು ನೋಡಿದವರಿಗೆ ಗೊತ್ತು. ಮಿಡಿಯನ್ನು ತೊಟ್ಟು ಸಮೇತ ಕಿತ್ತು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಮರದಿಂದ ಇಳಿಸುತ್ತಾರೆ. ಬಿದ್ದ ಮಿಡಿ ಭರಣಿಗೆ ಬೇಡ. ಸೊನೆ ಒಳಗೇ ಉಳಿದರೆ ತಾನೆ ಉಪ್ಪಿನಕಾಯಿಗೆ ಆ ಪರಿಮಳ! ಅವರು ಸೊನೆಯನ್ನು ಉಳಿಸಿಕೊಳ್ಳಲು ತೊಟ್ಟು ಬಿಡುತ್ತಾರೆ. ಇಲ್ಲಿಯವರು ಸೊನೆಯಿಂದ ಉಳಿಯಲು ತೊಟ್ಟು ಬಿಡಬೇಕು. ಬಾಳುವೆ ಬೇರೆ, ಬುದ್ಧಿ ಒಂದೇ.

ತಲೆಕೆಳಗು ಮಾಡಿ, ಸುಣ್ಣದ ನೀರು ತೋರಿಸಿ

ಉದ್ದ ತೊಟ್ಟಿನ ಕಾಯನ್ನು ಹಾಗೇ ಪೇಟೆಗೆ ಕಳಿಸುವಂತಿಲ್ಲ. ಕುಲುಕಾಟಕ್ಕೆ ತೊಟ್ಟು ಮುರಿದು ಸೊನೆ ಸೋರೀತು, ತೊಟ್ಟಿನ ಮೊನೆ ಪಕ್ಕದ ಕಾಯಿಗೆ ಚುಚ್ಚೀತು. ಆದ್ದರಿಂದ ಮರದಡಿಯಿಂದ ನೆರಳಿಗೆ ತಂದ ಮೇಲೆ ತೊಟ್ಟು ಕತ್ತರಿಸಿ, ಕೂಡಲೇ ಕಾಯನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಸೊನೆ ಮೈಮೇಲೆ ಹರಿಯದೆ ನೇರ ನೆಲಕ್ಕೆ ತೊಟ್ಟಿಕ್ಕಬೇಕು. ಅರ್ಧ ಗಂಟೆಯಾದರೂ ಹೀಗೆ ಇಡುವುದು ಒಳ್ಳೆಯದು.

ತಲೆಕೆಳಗಾಗಿ ನಿಲ್ಲಿಸಲು ಕಾಯಿ ಜಾರದಷ್ಟು ಸಂದಿ ಬಿಟ್ಟು ಕಟ್ಟಿದ ಚೌಕಟ್ಟು ಬೇಕು. ತೆಂಗು ಅಡಿಕೆಯ ಸೀಮೆಯಲ್ಲಿ ಇದಕ್ಕೆ ಬರವೆ? ಅಡಿಕೆ ದಬ್ಬೆ ಎಲ್ಲೆಲ್ಲೂ ಇದೆ, ನಾರಿನ ಹಗ್ಗ ನಮ್ಮಲ್ಲೇ ಹೊಸೆಯುತ್ತಾರೆ, ನೆರಳಿಗೆ ಹೆಣೆದ ತೆಂಗಿನ ಗರಿ ಉಂಟು. ನಾಲ್ಕು ಗೂಟ ನೆಟ್ಟು ದಬ್ಬೆ ಕಟ್ಟಿದರೆ ಮುಗಿಯಿತು. ಒಂದು ಮಧ್ಯಾಹ್ನದ ಕೆಲಸ.

ಇನ್ನು ತೊಳೆಯುವ ಮಾತು. ಸೊನೆ ತಾಗಿದ ಕಾಯನ್ನು ಬರೀ ನೀರಿನಲ್ಲಿ ತೊಳೆದರೆ ಎಣ್ಣೆ ಪೂರ್ತಿ ಹೋಗದು. ಸುಣ್ಣದ ನೀರು ಒಳ್ಳೆಯದು. ಒಂದು ಲೀಟರ್ ನೀರಿಗೆ 5 ಗ್ರಾಂ ಅರಳಿದ ಸುಣ್ಣ, ಅಂದರೆ 100 ಲೀಟರಿನ ಡ್ರಮ್ಮಿಗೆ ಅರ್ಧ ಕೆ.ಜಿ. ಎಲೆಅಡಿಕೆಗೆ ಸುಣ್ಣ ಹಚ್ಚುವ ನಾಡಿನಲ್ಲಿ ಅರ್ಧ ಕೆ.ಜಿ. ಸುಣ್ಣಕ್ಕೆ ಪಂಚಾಯತಿಯೇ? ಕಾಯನ್ನು ಅದರಲ್ಲಿ ಎರಡು ಮೂರು ನಿಮಿಷ ಅದ್ದಿ, ಚೊಕ್ಕ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಆರಲು ಬಿಡಬೇಕು. ತಡ ಮಾಡಬಾರದು, ಸೊನೆ ತಾಗಿ ಗಂಟೆ ಕಳೆದ ಮೇಲೆ ತೊಳೆಯುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಡ್ರಮ್ಮಿನ ನೀರನ್ನು ಆಗಾಗ ಬದಲಿಸುವುದೂ ಮುಖ್ಯ. ನೂರು ಕಾಯಿಯ ಸೊನೆ ತೇಲುವ ನೀರಿಗೆ ನೂರಾ ಒಂದನೆಯ ಕಾಯನ್ನು ಅದ್ದಿದರೆ ಅದಕ್ಕೆ ಸ್ನಾನವಲ್ಲ, ಶಿಕ್ಷೆ. ಹಾಗೆಂದು ಗಂಟೆಗಟ್ಟಲೆ ನೆನೆಹಾಕುವುದೂ ಬೇಡ, ಒದ್ದೆಯಲ್ಲೇ ಇದ್ದರೆ ಉಸಿರುಕಂಡಿಗಳು ಕಪ್ಪಾಗುತ್ತವೆ.

ಆಮೇಲೆ ಗೋಣಿ ಚೀಲ ಬಿಟ್ಟು ಪ್ಲಾಸ್ಟಿಕ್ ಕ್ರೇಟ್. ತಳಕ್ಕೆ ಹಳೇ ಪೇಪರೋ ಒಣಹುಲ್ಲೋ ಹಾಸಿ, ಅಂಚಿಗಿಂತ ಮೇಲೆ ಬಾರದಂತೆ ತುಂಬಬೇಕು. ಕ್ರೇಟಿನ ಮೇಲೆ ಕ್ರೇಟ್ ಕೂತರೆ ಭಾರ ಕ್ರೇಟಿನ ಮೇಲೆ ಬೀಳಬೇಕು, ಹಣ್ಣಿನ ಮೇಲಲ್ಲ.

ಎಲ್ಲ ಕಪ್ಪೂ ಸೊನೆಯದಲ್ಲ

ಕಪ್ಪು ಕಂಡಲ್ಲೆಲ್ಲ ಸೊನೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಚಿಬ್ಬು ರೋಗವೆಂಬ ಇನ್ನೊಬ್ಬ ಶತ್ರುವಿದೆ. ಇದು ಬೂಷ್ಟು. ಹೂವು, ಹೀಚಿನ ಕಾಲದಲ್ಲೇ ಕಾಯಿಯ ಮೇಲೆ ಕೂತು, ಸದ್ದಿಲ್ಲದೆ ಕಾದಿದ್ದು, ಹಣ್ಣಾಗುವಾಗ ಎದ್ದೇಳುತ್ತದೆ. ಗುರುತು ಹಿಡಿಯುವುದು ಸುಲಭ. ಸೊನೆಯ ಕಲೆ ಸಿಪ್ಪೆಯ ಮೇಲಷ್ಟೇ. ಎಷ್ಟಿತ್ತೋ ಅಷ್ಟೇ ಇರುತ್ತದೆ. ಚಿಬ್ಬಿನ ಕಲೆ ದಿನದಿನಕ್ಕೆ ಹಿಗ್ಗುತ್ತದೆ, ತಗ್ಗಾಗುತ್ತದೆ, ಒಂದಕ್ಕೊಂದು ಕೂಡಿಕೊಂಡು ತಿರುಳಿಗೂ ಇಳಿಯುತ್ತದೆ. ತೊಟ್ಟಿನ ಸುತ್ತ ಉಂಗುರದಂತೆ ಶುರುವಾಗಿ ಕೆಳಕ್ಕೆ ಹರಡಿದರೆ ಅದು ತೊಟ್ಟುಕೊಳೆ.

ಚಿಬ್ಬಿಗೆ ಬಿಸಿನೀರಿನ ಮದ್ದು ಉಂಟು. 52 ಡಿಗ್ರಿ ಬಿಸಿಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ. ಆದರೆ ಇದನ್ನು ಥರ್ಮಾಮೀಟರ್ ಇಲ್ಲದೆ ಮಾಡಹೊರಟರೆ ಸಿಪ್ಪೆಯೇ ಬೆಂದು ಇನ್ನೊಂದು ಬಗೆಯ ಕಂದು ಕಲೆ ಬಂದೀತು. ಕೈ ಅಂದಾಜು ಇಲ್ಲಿ ಸಲ್ಲದು. ಮರದಲ್ಲಿ ಒಣಗಿದ ಕಡ್ಡಿ ಸವರಿ, ಬಿದ್ದ ರೋಗದ ಎಲೆ ಕಾಯಿ ಆರಿಸಿ ತೆಗೆದರೆ ಬೂಷ್ಟಿನ ಅರ್ಧ ಸೈನ್ಯ ಅಲ್ಲೇ ಸೋತಂತೆ.

ಅಂಗಡಿಯವರ ಗಮನಕ್ಕೆ

ಅಂಗಡಿಯವರ ಕೈಯಲ್ಲೂ ಹಣ್ಣು ಕಪ್ಪಾಗುವುದುಂಟು. ಒಂದು, ತಣ್ಣನೆಯ ತಪ್ಪು. ಬಾಳೆಹಣ್ಣು ಫ್ರಿಜ್ಜಿನಲ್ಲಿ ಕಪ್ಪಾಗುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಮಾವೂ ಬಿಸಿಲ ನಾಡಿನ ಹಣ್ಣು. ಇನ್ನೂ ಮಾಗದ ಕಾಯನ್ನು 12-13 ಡಿಗ್ರಿಗಿಂತ ತಣ್ಣಗೆ ಬಹಳ ದಿನ ಇಟ್ಟರೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿ, ಗುಳಿ ಬಿದ್ದು, ಹೊರಗೆ ತೆಗೆದ ಮೇಲೂ ಸರಿಯಾಗಿ ಹಣ್ಣಾಗುವುದಿಲ್ಲ. ಮೊದಲು ಹಣ್ಣಾಗಲಿ, ಆಮೇಲೆ ತಂಪು.

ಎರಡು, ಬಿಸಿಯ ತಪ್ಪು. ಬೆಳಗಿನಿಂದ ಸಂಜೆವರೆಗೆ ಬಿ.ಎಚ್. ರಸ್ತೆಯ ಬಿಸಿಲಿಗೆ ಮೈಯೊಡ್ಡಿದ ಹಣ್ಣಿಗೆ ಆ ಪಕ್ಕವೇ ಬೇಯುತ್ತದೆ. ಒಂದು ಕೊಡೆ, ಒಂದು ತಟ್ಟಿನ ಖರ್ಚು ಎಷ್ಟು?

ಮೂರು, ಕಾರ್ಬೈಡ್. ಇದು ತಪ್ಪಷ್ಟೇ ಅಲ್ಲ, ಅಪರಾಧ. ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಅದಕ್ಕೆ ಮುಂಚಿನ ಕಲಬೆರಕೆ ತಡೆ ನಿಯಮಗಳಲ್ಲೂ ನಿಷೇಧವಿತ್ತು. ತೇವ ತಾಗಿದ ಕಾರ್ಬೈಡ್ ಅಸಿಟಿಲೀನ್ ಅನಿಲ ಬಿಡುತ್ತದೆ, ಜತೆಗೆ ಶಾಖವನ್ನೂ ಬಿಡುತ್ತದೆ. ಅದರಲ್ಲಿ ಆರ್ಸೆನಿಕ್, ರಂಜಕಗಳ ಬೆರಕೆ ಇರುವುದುಂಟು. ಮೇಲೆ ಹಳದಿ, ಒಳಗೆ ಹುಳಿ, ತಿಂದವರ ಬಾಯಲ್ಲಿ ಹುಣ್ಣು. ಅವಸರವೇ ಇದ್ದವರಿಗೆ ಸರ್ಕಾರ ದಾರಿ ಕೊಟ್ಟಿದೆ; 100 ಪಿ.ಪಿ.ಎಂ. ವರೆಗೆ ಎಥಿಲೀನ್ ಅನಿಲ ಬಳಸಲು 2016ರಿಂದ ಅನುಮತಿಯಿದೆ. ಹಣ್ಣು ತಾನಾಗಿ ಮಾಗುವಾಗ ಬಿಡುವುದೂ ಇದೇ ಅನಿಲ. ಅವಸರ ಇಲ್ಲದವರಿಗೆ ಅಜ್ಜನ ಕಾಲದ ಒಣಹುಲ್ಲಿನ ಅಡೆ ಇದ್ದೇ ಇದೆ. ಅದರಲ್ಲೂ ಕಾಯನ್ನು ಪದರ ಪದರವಾಗಿ ಹರಡಬೇಕು, ಗುಡ್ಡೆ ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು. ತೊಟ್ಟಿನ ಸಮೇತ ಕಿತ್ತು ತಂದ ಚೊಕ್ಕ ಕಾಯಿಗೆ ಮಂಡಿಯಲ್ಲಿ ನಾಲ್ಕು ಕಾಸು ಹೆಚ್ಚು ಕೊಡುವವರು ಇಲ್ಲದಿದ್ದರೆ ರೈತ ಯಾಕೆ ಕಷ್ಟ ಪಟ್ಟಾನು? ಕೊಬ್ಬರಿಯಲ್ಲಿ ಒಳ್ಳೆಯದಕ್ಕೆ ಒಂದು ಬೆಲೆ, ಕೆಟ್ಟದ್ದಕ್ಕೆ ಒಂದು ಬೆಲೆ ಎಂಬ ನ್ಯಾಯ ಇರುವುದರಿಂದಲೇ ಕೊಬ್ಬರಿ ಚೊಕ್ಕವಾಗಿ ಬರುತ್ತದೆ. ಮಾವಿನಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ, ಕೊನೆಗೆ ಕಲೆ ಬಂತೆಂದು ಗೋಳಾಡಿದರೆ ಯಾರನ್ನು ದೂರುವುದು?

ಬಸ್ಸಿನವರ ಚೀಲಕ್ಕೆ

ಸಂಜೆ ಬಸ್ಸು ಹತ್ತುವ ಮುಂಚೆ ಮನೆಗೆ ಎರಡು ಕೆ.ಜಿ. ಹಣ್ಣು ಕೊಳ್ಳುವವರಿಗೂ ಇದರಿಂದ ಲಾಭವುಂಟು. ಗೆರೆ ಎಳೆದಂಥ, ಒತ್ತಿದರೆ ಗಟ್ಟಿಯಾಗಿರುವ, ಹರಡದ ಕಂದು ಕಲೆಯಾದರೆ ಅಂಜಬೇಕಿಲ್ಲ. ಬೆಲೆ ಇಳಿಸಿ ಕೇಳಿ, ಕೊಳ್ಳಿ, ಬೇಗ ತಿನ್ನಿ. ಸುಟ್ಟ ಸಿಪ್ಪೆಯಿಂದ ನೀರು ಬೇಗ ಆರುತ್ತದೆ, ಬೂಷ್ಟು ಸುಲಭವಾಗಿ ನುಗ್ಗುತ್ತದೆ, ಹೆಚ್ಚು ದಿನ ತಡೆಯದು. ಕಲೆ ತಗ್ಗಾಗಿ ಮೆತ್ತಗಿದ್ದರೆ, ತೊಟ್ಟಿನ ಸುತ್ತ ಕಪ್ಪು ಉಂಗುರವಿದ್ದರೆ ಕೆಳಗಿಡಿ. ಕಲೆಯೇ ಇಲ್ಲದೆ ಒಂದೇ ಸಮನೆ ಹಳದಿ ಬಳಿದಂತೆ ಹೊಳೆಯುತ್ತ, ವಾಸನೆಯೇ ಇಲ್ಲದ ಹಣ್ಣು ಕಂಡರೆ ಇನ್ನೂ ಎಚ್ಚರ. ಮೂಗಿನ ಮಾತು ಕೇಳುವುದು ಒಳ್ಳೆಯದು.

ಮನೆಗೆ ತಂದ ಹಣ್ಣನ್ನು ನೀರಿನಲ್ಲಿ ನೆನೆಸಿ, ತೊಟ್ಟಿನ ಕಡೆಯ ತುದಿ ತೆಗೆದು ತಿನ್ನಬೇಕೆನ್ನುವ ಅಜ್ಜಿಯರ ಮಾತನ್ನು ಹಳೇ ಕಾಲದ ಕಟ್ಟಳೆ ಎಂದು ತಳ್ಳಬೇಡಿ. ತುಟಿ ಸುಡುವ ಸೊನೆ ಉಳಿದಿರುವುದು ಅಲ್ಲೇ.

ಯಾರು ಮುಂದೆ ಬರಬೇಕು?

ತುಮಕೂರು ಜಿಲ್ಲೆ ಕೋಲಾರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಿಕ್ಕಬಳ್ಳಾಪುರಗಳ ಜತೆಗೆ ರಾಜ್ಯದ ಮಾವಿನ ಜಿಲ್ಲೆಗಳಲ್ಲಿ ಒಂದು. ಮಾವಿಗೆಂದೇ ರಾಜ್ಯದಲ್ಲಿ ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವಿದೆ. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಹೆಸರಘಟ್ಟ ಸಂಸ್ಥೆಯ ಕೇಂದ್ರವಿದೆ, ಪ್ರತಿ ತಾಲ್ಲೂಕಿನಲ್ಲೂ ತೋಟಗಾರಿಕೆ ಇಲಾಖೆಯ ಕಚೇರಿಯಿದೆ. ವಿದ್ಯೆಗೆ ಕೊರತೆಯಿಲ್ಲ. ವಿದ್ಯೆ ದೋಟಿ ಹಿಡಿಯುವ ಕೈಗೆ ತಲುಪಬೇಕಾಗಿದೆ. ಸಭೆಗೆ ಬರುವವನು ತೋಟದ ಯಜಮಾನ; ಮರ ಹತ್ತುವವನು ಕೂಲಿಯ ಆಳು. ಪಾಠ ಹೇಳಬೇಕಾದ್ದು ಯಾರಿಗೆ?

ಮಾವಿನ ಬೆಲೆ ಕುಸಿದಾಗ ಏನಾಗುತ್ತದೆಂಬುದನ್ನು 2025ರ ಬೇಸಿಗೆ ತೋರಿಸಿಕೊಟ್ಟಿತು. ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದರು. ಕೋಲಾರದ ರೈತರು ಬೀದಿಗೆ ಬಂದರು, ಕೊನೆಗೆ ಕೇಂದ್ರ ಸರ್ಕಾರ ಬೆಲೆಯ ವ್ಯತ್ಯಾಸ ತುಂಬಿಕೊಡಲು ಒಪ್ಪಬೇಕಾಯಿತು. ಮಾಲು ಹೆಚ್ಚಾಗಿ ಕೊಳ್ಳುವವರು ಕಡಿಮೆಯಾದಾಗ ಮೊದಲು ಉಳಿಯುವುದು ಕಲೆ ಬಿದ್ದ ರಾಶಿಯೇ. ಸರ್ಕಾರದ ಬೆಲೆ ರೈತನ ಕೈಯಲ್ಲಿಲ್ಲ. ತೊಟ್ಟು ಅವನ ಕೈಯಲ್ಲಿದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮಾವಿನ ಕಾಲಕ್ಕೆ ಮುಂಚೆ, ಕೀಳುವ ಆಳುಗಳಿಗೇ ಮರದಡಿಯಲ್ಲಿ ಒಂದು ದಿನದ ಪಾಠ. ಹೋಬಳಿಗೆ ನಾಲ್ಕಾರು ಅಲಗಿನ ದೋಟಿ, ಬಾಡಿಗೆಗೆ ಸಿಗುವಂತೆ. ನೊಣವಿನಕೆರೆ, ಹೊನ್ನವಳ್ಳಿ, ದಂಡಿನಶಿವರ, ಮಾಯಸಂದ್ರ, ಕಂದಿಕೆರೆಗಳಂಥ ಊರಿನಲ್ಲಿ ಒಂದೊಂದು ದಬ್ಬೆ ಚೌಕಟ್ಟು, ಒಂದೊಂದು ಸುಣ್ಣದ ನೀರಿನ ಡ್ರಮ್. ಚೇಣಿ ಕೊಡುವವರು ಕರಾರಿನಲ್ಲಿ "ತೊಟ್ಟು ಸಮೇತ ಕೀಳತಕ್ಕದ್ದು" ಎಂದು ಒಂದು ಸಾಲು ಬರೆಸಿಕೊಂಡರೆ ಮರಕ್ಕೂ ಕ್ಷೇಮ, ಬರುವ ವರ್ಷದ ಚೇಣಿಗೂ ಒಳ್ಳೆಯ ಬೆಲೆ. ಮಂಡಿಯವರು ಚೊಕ್ಕ ಕಾಯಿಗೆ ಬೇರೆ ಹರಾಜು ಕೂಗಿದರೆ ಉಳಿದದ್ದು ತಾನಾಗಿ ನಡೆದೀತು.

ಕೊಬ್ಬರಿಗಾಗಿ ವರ್ಷವಿಡೀ ಅಟ್ಟ ಕಾಯುವ ಜನ ಮಾವಿಗಾಗಿ ಅರ್ಧ ಗಂಟೆ ಕಾಯಲಾರರೆ? ತೋಟಗಾರಿಕೆ ಇಲಾಖೆಯವರು, ಎ.ಪಿ.ಎಂ.ಸಿ.ಯವರು, ಮಂಡಿ ವರ್ತಕರು ಮುಂದಿನ ಹೂವು ಕಾಯಾಗುವುದರೊಳಗೆ ಕೂತು ಮಾತಾಡಿದರೆ ಲೇಸು. ಮಾತಾಡುವರೇ?